ಉದ್ದವೋ ಗಿಡ್ಡವೋ: ಸರ್ವ್ ರಿಟರ್ನ್ ಶುರುವಾಗುವುದು ಅಲ್ಲಿಂದ

ಪ್ರಶ್ನೆ: ನನಗೆ 34 ವರ್ಷ, ತೀರ್ಥಹಳ್ಳಿಯಲ್ಲಿ ಕೆಲಸ. ಸಂಜೆ ಹೊತ್ತು ಟಿಟಿ (ಟೇಬಲ್ ಟೆನಿಸ್) ಆಡುತ್ತೇನೆ. ಬಲಗೈ ಆಟ. ರ್‍ಯಾಲಿ ಶುರುವಾದರೆ ಯಾರ ಜೊತೆಗಾದರೂ ಆಡಬಲ್ಲೆ. ಆದರೆ ನಮ್ಮಲ್ಲಿ ಹಿರಿಯರೊಬ್ಬರಿದ್ದಾರೆ, ಅವರದೂ ಬಲಗೈ. ಲೋಲಕದ ಹಾಗೆ ಬ್ಯಾಟ್ ಬೀಸಿ ಹಾಕುವ ಅವರ ಪೆಂಡುಲಮ್ ಸರ್ವ್ ಎದುರು ನಾನು ಪೂರ್ತಿ ಸೋಲುತ್ತೇನೆ. ಒಮ್ಮೆ ಚೆಂಡು ನೆಟ್‌ಗೆ ಬೀಳುತ್ತದೆ, ಒಮ್ಮೆ ಮೇಲೆದ್ದು ಅವರಿಗೆ ಹೊಡೆಯಲು ಸಿಗುತ್ತದೆ, ಒಮ್ಮೆ ಬಲಕ್ಕೆ ಹಾರಿ ಟೇಬಲ್ ಹೊರಗೇ ಹೋಗುತ್ತದೆ. ಮಳೆಗಾಲ ಶುರುವಾದ ಮೇಲೆ ಇನ್ನೂ ಕೆಟ್ಟಿದೆ. ರಬ್ಬರ್ ಬದಲಾಯಿಸಬೇಕೇ, ಇಲ್ಲ ಫ್ಲಿಕ್ (ಗಿಡ್ಡ ಚೆಂಡನ್ನು ಮಣಿಕಟ್ಟಿನಿಂದ ಥಟ್ಟನೆ ಹೊಡೆಯುವುದು) ಕಲಿಯಬೇಕೇ?

ಉತ್ತರ: ಮೂರು ಥರದ ತಪ್ಪು ಬರೆದಿದ್ದೀರಿ. ಮೂರೂ ಒಂದೇ ಸರ್ವ್‌ಗೆ ಆಗುತ್ತಿವೆ ಎಂದು ನಿಮಗೆ ಅನ್ನಿಸಿದೆ. ಅದು ಒಂದೇ ಕೈಬೀಸಿನಲ್ಲಿ ಬರುವ ಮೂರು ಬೇರೆ ಬೇರೆ ಸರ್ವ್. ನೆಟ್‌ಗೆ ಬಿದ್ದದ್ದು ಚೆಂಡು ಹಿಮ್ಮುಖವಾಗಿ ತಿರುಗುವ ಜೋರಾದ ಬ್ಯಾಕ್‌ಸ್ಪಿನ್, ನಮ್ಮ ಕಡೆಯವರು ಕಟ್ ಅನ್ನುತ್ತಾರಲ್ಲ, ಅದು. ಮೇಲೆದ್ದದ್ದು ಬಹುತೇಕ ಸ್ಪಿನ್ನೇ ಇಲ್ಲದ ಚೆಂಡು. ನೀವು ಕಟ್ ಎಂದುಕೊಂಡು ಬ್ಯಾಟ್ ತೆರೆದು (ಮುಖವನ್ನು ಮೇಲಕ್ಕೆ ವಾಲಿಸಿ) ಪುಶ್ ಮಾಡಿದಿರಿ, ಎಂದರೆ ಚೆಂಡಿನ ಅಡಿ ಸವರಿ ಮುಂದಕ್ಕೆ ತಳ್ಳಿದಿರಿ, ಎದ್ದಿತು. ಬಲಕ್ಕೆ ಹಾರಿದ್ದು ಚೆಂಡು ಪಕ್ಕಕ್ಕೆ ತಿರುಗುವ ಸೈಡ್‌ಸ್ಪಿನ್. ಎಂದರೆ ನಿಮ್ಮ ಕೈ ಮಾಡುತ್ತಿರುವುದು ಒಂದೇ ಕೆಲಸ, ಅವರು ಕಳಿಸುತ್ತಿರುವುದು ಮೂರು ಪ್ರಶ್ನೆ. ಹಾಗಾಗಿ ಮೊದಲ ಎರಡು ವಾರ ಹೊಸ ಹೊಡೆತ ಯಾವುದನ್ನೂ ಕಲಿಯಬೇಡಿ. ಕಣ್ಣಿಗೂ ಕಾಲಿಗೂ ಕೆಲಸ ಕೊಡಿ. ಕೈಯ ಸರದಿ ಆಮೇಲೆ ಬರುತ್ತದೆ.

ನಿಮ್ಮ ಹಿರಿಯ ಆಟಗಾರರ ಬಗ್ಗೆ ಒಂದು ಮಾತು. 2001ಕ್ಕೆ ಮುಂಚೆ ಗೇಮ್ 21 ಪಾಯಿಂಟಿನದ್ದು, ಒಬ್ಬರಿಗೆ ಸಾಲಾಗಿ 5 ಸರ್ವ್ ಸಿಗುತ್ತಿತ್ತು. ಆ ಕಾಲದಲ್ಲಿ ಆಡಿ ಬೆಳೆದವರ ಬಳಿ ಸರ್ವ್‌ನ ದೊಡ್ಡ ದಾಸ್ತಾನೇ ಇರುತ್ತದೆ. ಈಗ 11 ಪಾಯಿಂಟ್, ತಲಾ 2 ಸರ್ವ್. ರಿಟರ್ನ್ ಮಾಡುವವರಿಗೆ ಇದು ಕಷ್ಟ: ಎರಡು ಚೆಂಡಿನಲ್ಲಿ ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ಸರ್ವ್ ನಿಮ್ಮ ಕೈಗೆ ಬಂದಿರುತ್ತದೆ. ಗೇಮಿನ ಪಾಯಿಂಟುಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟನ್ನು ನೀವು ರಿಟರ್ನ್‌ನಿಂದಲೇ ಶುರು ಮಾಡುತ್ತೀರಿ. ಆದರೂ ನಮ್ಮ ಕ್ಲಬ್ಬುಗಳಲ್ಲಿ ಯಾರೂ ರಿಟರ್ನ್ ಅಭ್ಯಾಸ ಮಾಡುವುದನ್ನು ನಾನು ಕಾಣೆ. ಶಿವಮೊಗ್ಗವಿರಲಿ, ಸಾಗರವಿರಲಿ, ಹತ್ತು ನಿಮಿಷ ಫೋರ್‌ಹ್ಯಾಂಡ್, ಹತ್ತು ನಿಮಿಷ ಬ್ಯಾಕ್‌ಹ್ಯಾಂಡ್, ಆಮೇಲೆ ನೇರ ಗೇಮ್. ನಿಮ್ಮ ರ್‍ಯಾಲಿ ಚೆನ್ನಾಗಿರುವುದಕ್ಕೂ ರಿಟರ್ನ್ ಕೆಟ್ಟಿರುವುದಕ್ಕೂ ಕಾರಣ ಇದೊಂದೇ.

ಈಗ ಓದುವ ವಿಷಯ. ಸ್ಪಿನ್ ಯಾವುದು ಎಂದು ಹುಡುಕುವುದಕ್ಕೆ ಮೊದಲು ಸರ್ವ್ ಉದ್ದವೋ ಗಿಡ್ಡವೋ ಎಂದು ನೋಡಿ. ನಿಮ್ಮ ಕಡೆ ಒಮ್ಮೆ ಪುಟಿದು ಟೇಬಲ್ ದಾಟಿ ಹೋಗುವುದು ಉದ್ದ, ಬಿಟ್ಟರೆ ಟೇಬಲ್ ಮೇಲೇ ಎರಡು ಸಲ ಪುಟಿಯುವುದು ಗಿಡ್ಡ. ಎಲ್ಲರೂ ಸ್ಪಿನ್ ಸ್ಪಿನ್ ಎನ್ನುತ್ತಾರೆ. ನನ್ನ ಅನುಭವದಲ್ಲಿ ಕ್ಲಬ್ ಮಟ್ಟದ ಆಟಗಾರರು ಉದ್ದ ತಪ್ಪಾಗಿ ಅಂದಾಜು ಮಾಡಿ ಕಳೆದುಕೊಳ್ಳುವ ಪಾಯಿಂಟೇ ಹೆಚ್ಚು. ಉದ್ದ ಗೊತ್ತಾದರೆ ಕಾಲು ಎಲ್ಲಿಗೆ ಹೋಗಬೇಕು ಅನ್ನುವುದು ತೀರ್ಮಾನವಾಗುತ್ತದೆ. ಕಾಲು ಸರಿಯಾದ ಜಾಗದಲ್ಲಿದ್ದರೆ ಸ್ಪಿನ್ ಸ್ವಲ್ಪ ತಪ್ಪಾಗಿ ಓದಿದರೂ ಚೆಂಡು ಟೇಬಲ್ ಮೇಲೆ ಉಳಿಯುತ್ತದೆ. ಕಾಲು ತಪ್ಪಿದರೆ ಸ್ಪಿನ್ ಸರಿಯಾಗಿ ಓದಿದ್ದೂ ದಂಡ.

ಉದ್ದ ತಿಳಿಯಲು ಚೆಂಡು ನಿಮ್ಮ ಕಡೆ ಬರುವ ತನಕ ಕಾಯಬೇಕಿಲ್ಲ. ಸರ್ವ್ ಮೊದಲು ಪುಟಿಯುವುದು ಅವರದೇ ಅಂಗಳದಲ್ಲಿ. ಆ ಮೊದಲ ಪುಟಿತ ಅವರ ಕೊನೆಗೆರೆಯ ಹತ್ತಿರವಾದರೆ ಚೆಂಡು ಉದ್ದ ಬರುತ್ತದೆ, ಬೇಗ ಬರುತ್ತದೆ. ನೆಟ್ ಕಡೆಗೆ ಜಾಸ್ತಿ ಸರಿದಿದ್ದರೆ ಗಿಡ್ಡ. ಟೇಬಲ್ಲಿನ ಉದ್ದವೇ 2.74 ಮೀಟರ್, ಅರ್ಧ ಎಂದರೆ 1.37, ಅಷ್ಟರೊಳಗೆ ಈ ವ್ಯತ್ಯಾಸ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ನೋಡಬೇಕು ಎಂದು ನೋಡಿದರೆ. ಒಂದು ಸಂಜೆ ಬ್ಯಾಟ್ ಕೆಳಗಿಟ್ಟು, ಬೇರೆ ಇಬ್ಬರು ಆಡುವಾಗ ರಿಟರ್ನ್ ಮಾಡುವವರ ಹಿಂದೆ ನಿಂತು ಈ ಮೊದಲ ಪುಟಿತವನ್ನಷ್ಟೇ ನೋಡಿ. ಚೆಂಡು ನೆಟ್ ದಾಟುವ ಮೊದಲು ಉದ್ದ ಅಥವಾ ಗಿಡ್ಡ ಎಂದು ಬಾಯಿಬಿಟ್ಟು ಹೇಳಿ. ಮನಸ್ಸಿನಲ್ಲೇ ಹೇಳಿಕೊಂಡರೆ ನಡೆಯದು, ಆಮೇಲೆ ನಮಗೆ ಬೇಕಾದ ಹಾಗೆ ತಿದ್ದಿಕೊಳ್ಳುತ್ತೇವೆ.

ನಿಲ್ಲುವ ಜಾಗಕ್ಕೆ ಬರೋಣ. ಪೆಂಡುಲಮ್‌ಗೆ ಹೆದರಿದವರು ಟೇಬಲ್ಲಿಗೆ ಅಂಟಿಕೊಂಡು ನಿಲ್ಲುತ್ತಾರೆ, ಗಿಡ್ಡ ಚೆಂಡು ತಪ್ಪದಿರಲಿ ಎಂದು. ನೀವೂ ಹಾಗೆ ನಿಲ್ಲುತ್ತಿದ್ದರೆ ಹಿಂದೆ ಬನ್ನಿ. ಮುಂದಕ್ಕೆ ಹೆಜ್ಜೆ ಇಡುವುದು ಸುಲಭ, ಹಿಂದಕ್ಕೆ ಸರಿಯುತ್ತಾ ಹೊಡೆಯುವುದು ಕಷ್ಟ. ಟೇಬಲ್ಲಿಗೂ ಹೊಟ್ಟೆಗೂ ನಡುವೆ ತೋಳಿನಷ್ಟು ಅಂತರ ಬಿಡಿ. ಮಧ್ಯಗೆರೆಯಿಂದ ಎಡಕ್ಕೆ, ಬ್ಯಾಕ್‌ಹ್ಯಾಂಡ್ ಕಡೆ ನಿಲ್ಲಿ. ಬ್ಯಾಟ್ ಟೇಬಲ್ ಮಟ್ಟಕ್ಕಿಂತ ಮೇಲೆ, ಎದೆಯ ಮುಂದೆ ಇರಲಿ. ಸರ್ವ್ ಮಾಡುವವರು ಎಸೆದ ಚೆಂಡು ಇಳಿಯುತ್ತಿರುವಾಗ ಪಾದದ ಮುಂಭಾಗದ ಮೇಲೆ ಒಂದು ಸಣ್ಣ ಪುಟಿತ ಹಾಕಿ, ಅವರ ಬ್ಯಾಟ್ ಚೆಂಡಿಗೆ ತಾಗುವ ಹೊತ್ತಿಗೆ ನಿಮ್ಮ ಪಾದ ನೆಲ ಮುಟ್ಟಿರಲಿ. ಈ ಸಣ್ಣ ಪುಟಿತ ಇಲ್ಲದವರ ಹಿಮ್ಮಡಿ ನೆಲಕ್ಕೆ ಊರಿರುತ್ತದೆ. ಅವರು ಯಾವ ಸರ್ವ್‌ಗೂ ತಡವೇ.

ಗಿಡ್ಡ ಚೆಂಡಿಗೆ ಬಲಗಾಲನ್ನು ಟೇಬಲ್ಲಿನ ಅಡಿಗೆ ಪೂರ್ತಿ ಹಾಕಿ. ಫೋರ್‌ಹ್ಯಾಂಡಿಗೂ ಬಲಗಾಲೇ, ಮಧ್ಯಕ್ಕೆ ಬಂದ ಚೆಂಡನ್ನು ಬ್ಯಾಕ್‌ಹ್ಯಾಂಡಿನಲ್ಲಿ ಆಡುವಾಗಲೂ ಬಲಗಾಲೇ. ಕಾಲು ಹೊರಗಿಟ್ಟು ಕೈ ಮಾತ್ರ ಚಾಚಿದರೆ ಮೊಣಕೈ ನೆಟ್ಟಗಾಗುತ್ತದೆ, ಮಣಿಕಟ್ಟು ಸತ್ತುಹೋಗುತ್ತದೆ. ಆಮೇಲೆ ಚೆಂಡನ್ನು ತಳ್ಳಬಹುದೇ ಹೊರತು ಆಡಲು ಆಗದು. ಚೆಂಡು ಆಡಿದ ತಕ್ಷಣ ಅದೇ ಕಾಲನ್ನು ಹಿಂದಕ್ಕೆ ತೆಗೆಯಿರಿ. ಇದನ್ನು ಮರೆಯುವವರೇ ಜಾಸ್ತಿ. ಗಿಡ್ಡ ಸರ್ವ್‌ಗೆ ಚೆನ್ನಾಗಿ ರಿಟರ್ನ್ ಮಾಡಿ, ಅಲ್ಲೇ ಟೇಬಲ್ ಮೇಲೆ ಬಗ್ಗಿ ನಿಂತಿದ್ದರೆ ಮುಂದಿನ ಉದ್ದದ ಚೆಂಡು ನೇರ ಹೊಟ್ಟೆಗೆ ಬರುತ್ತದೆ.

ಇನ್ನು ಸ್ಪಿನ್. ಪೆಂಡುಲಮ್ ಸರ್ವ್ ಮಾಡುವವರ ತೋಳು, ಭುಜ, ಕಾಲು ಎಲ್ಲವೂ ನಾಟಕ ಆಡುತ್ತವೆ. ಅದನ್ನೆಲ್ಲ ನೋಡುತ್ತಾ ಕೂರಬೇಡಿ. ಬ್ಯಾಟ್ ಚೆಂಡಿಗೆ ತಾಗುವ ಆ ಒಂದು ಕ್ಷಣ ಮಾತ್ರ ನಿಮಗೆ ಬೇಕು. ಅದಕ್ಕೆ ಮೊದಲು ಬ್ಯಾಟ್ ಎಲ್ಲಿ ಸುತ್ತಿತು ಎಂಬುದರಲ್ಲಿ ಚೆಂಡಿಗೆ ಸಂಬಂಧವಿಲ್ಲ. ಆದ ಮೇಲೆ ಎಲ್ಲಿ ಹೋಯಿತು ಎಂಬುದು ಬಹಳ ಸಲ ಮೋಸಕ್ಕೆಂದೇ ಮಾಡಿದ್ದು. ಕಟ್ ಕೊಟ್ಟು ಕೂಡಲೇ ಬ್ಯಾಟನ್ನು ಮೇಲಕ್ಕೆ ಎತ್ತುತ್ತಾರೆ, ಟಾಪ್ (ಚೆಂಡು ಮುಂದಕ್ಕೆ ಉರುಳುವಂತೆ ತಿರುಗುವ ಸ್ಪಿನ್) ಕೊಟ್ಟು ಕೆಳಗೆ ಇಳಿಸುತ್ತಾರೆ. ತಾಗುವಾಗ ಬ್ಯಾಟ್ ಕೆಳಕ್ಕೆ ಹೋಗುತ್ತಿತ್ತೇ, ಅಡ್ಡ ಹೋಗುತ್ತಿತ್ತೇ, ಮೇಲಕ್ಕೆ ಹೋಗುತ್ತಿತ್ತೇ, ಇಷ್ಟೇ ಪ್ರಶ್ನೆ.

ಇದಕ್ಕೊಂದು ಸೂತ್ರ ಇದೆ, ಎಲ್ಲ ಸರ್ವ್‌ಗೂ ಹೊಂದುತ್ತದೆ: ಅವರ ಬ್ಯಾಟ್ ಯಾವ ದಿಕ್ಕಿನಿಂದ ಬಂದು ಚೆಂಡಿಗೆ ತಾಗಿತೋ, ನೀವು ಆ ದಿಕ್ಕಿಗೆ ಗುರಿ ಇಡಿ. ಬ್ಯಾಟ್ ಮೇಲಿನಿಂದ ಕೆಳಕ್ಕೆ ಬಂದಿದ್ದರೆ ಕಟ್, ಮುಖ ತೆರೆದು ಮೇಲಕ್ಕೆ ಗುರಿ. ಕೆಳಗಿನಿಂದ ಮೇಲಕ್ಕೆ ಹೋಗಿದ್ದರೆ ಟಾಪ್, ಮುಖ ಮುಚ್ಚಿ ಕೆಳಕ್ಕೆ ಗುರಿ. ಬಲಗೈಯವರ ಮಾಮೂಲಿ ಪೆಂಡುಲಮ್‌ನಲ್ಲಿ ಬ್ಯಾಟ್ ಅವರ ಬಲದಿಂದ ಎಡಕ್ಕೆ ಬರುತ್ತದೆ. ಆ ಚೆಂಡು ಗಾಳಿಯಲ್ಲಿ ನಿಮ್ಮ ಬ್ಯಾಕ್‌ಹ್ಯಾಂಡ್ ಕಡೆ ಬಾಗುತ್ತದೆ. ಆದರೆ ನಿಮ್ಮ ಬ್ಯಾಟಿಗೆ ತಾಗಿದ ಮೇಲೆ ನಿಮ್ಮ ಬಲಕ್ಕೆ ಹಾರುತ್ತದೆ. ನೀವು ಬರೆದದ್ದು ಇದನ್ನೇ. ಹಾಗಾದರೆ ಗುರಿ ಅವರ ಬಲಗಡೆಗೆ, ಎಂದರೆ ನಿಮ್ಮ ಎಡಕ್ಕೆ. ಚೆಂಡು ಟೇಬಲ್ ಹೊರಗೆ ಹೋಗಿಬಿಡುತ್ತದೇನೋ ಅನ್ನಿಸುವಷ್ಟು ಎಡಕ್ಕೆ ಇಡಿ, ಸೈಡ್‌ಸ್ಪಿನ್ನೇ ಅದನ್ನು ಒಳಗೆ ಎಳೆದು ತರುತ್ತದೆ. ಇನ್ನೊಂದು ಲಾಭವೂ ಇಲ್ಲಿದೆ. ಪೆಂಡುಲಮ್ ಮಾಡಿದವರು ಅವರ ಬ್ಯಾಕ್‌ಹ್ಯಾಂಡ್ ಮೂಲೆಯಲ್ಲಿ ಮೈ ತಿರುಗಿಸಿ ನಿಂತಿರುತ್ತಾರೆ, ಅವರ ಫೋರ್‌ಹ್ಯಾಂಡ್ ಅಗಲ ಖಾಲಿ. ಅಲ್ಲಿಗೇ ನಿಮ್ಮ ಗುರಿ ಬಿದ್ದಿತು. ರಿವರ್ಸ್ ಪೆಂಡುಲಮ್‌ನಲ್ಲಿ ಬ್ಯಾಟ್ ಅವರ ಎಡದಿಂದ ಬಲಕ್ಕೆ ಬರುತ್ತದೆ, ಇದೆಲ್ಲ ತಿರುಗುಮುರುಗು, ಚೆಂಡು ನಿಮ್ಮ ಎಡಕ್ಕೆ ಹಾರುತ್ತದೆ.

ಉಳಿದದ್ದು ಸ್ಪಿನ್ ಇಲ್ಲದ ಚೆಂಡು. ನಿಮ್ಮ ಪಾಯಿಂಟು ಹೆಚ್ಚು ನುಂಗುತ್ತಿರುವುದು ಇದೇ ಎಂದು ನನ್ನ ಊಹೆ. ಕಟ್ ಸರ್ವ್‌ನಂತೆಯೇ ಕೈ ಬರುತ್ತದೆ, ಆದರೆ ಚೆಂಡು ಬ್ಯಾಟಿನ ತುದಿಗೆ ತಾಗುವ ಬದಲು ಹಿಡಿಯ ಹತ್ತಿರ ತಾಗುತ್ತದೆ. ತುದಿ ಅತಿ ವೇಗವಾಗಿ ಚಲಿಸುತ್ತದೆ, ಅಲ್ಲಿ ಸವರಿದರೆ ಸ್ಪಿನ್ ಜಾಸ್ತಿ. ಹಿಡಿಯ ಹತ್ತಿರ ವೇಗ ಕಡಿಮೆ, ಸ್ಪಿನ್ ಹುಟ್ಟುವುದಿಲ್ಲ. ಗುರುತಿಸಲು ಮೂರು ಸುಳಿವು. ಸವರಿದ ಚೆಂಡಿನ ಸದ್ದು ತೀರ ಮೆಲ್ಲಗೆ, ಸ್ಪಿನ್ ಇಲ್ಲದ್ದು ಟಕ್ ಎನ್ನುತ್ತದೆ. ಕಟ್ ಚೆಂಡು ನಿಮ್ಮ ಕಡೆ ಪುಟಿದ ಮೇಲೆ ನಿಧಾನವಾಗುತ್ತದೆ, ತಡೆದ ಹಾಗೆ. ಸ್ಪಿನ್ ಇಲ್ಲದ್ದು ಅದೇ ವೇಗದಲ್ಲಿ ಮುಂದೆ ಬರುತ್ತದೆ. ಮೂರನೆಯದು ಚೆಂಡಿನ ಮೇಲಿನ ಮುದ್ರೆ: ಅದು ಕಣ್ಣಿಗೆ ಸ್ಪಷ್ಟವಾಗಿ ಕಂಡರೆ ಸ್ಪಿನ್ ಇಲ್ಲ ಅಥವಾ ತೀರ ಕಡಿಮೆ, ಮಸುಕಾದರೆ ಜೋರಾಗಿ ತಿರುಗುತ್ತಿದೆ. ಅಭ್ಯಾಸಕ್ಕೆ ಒಂದು ಹಳೆಯ ಚೆಂಡಿನ ಅರ್ಧಭಾಗಕ್ಕೆ ಮಾರ್ಕರ್‌ನಲ್ಲಿ ಕಪ್ಪು ಬಳಿಯಿರಿ. ಯಾವ ಕಡೆ ತಿರುಗುತ್ತಿದೆ ಎಂದು ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ. ಒಂದು ವಾರ ಆ ಚೆಂಡಿನಲ್ಲಿ ಸರ್ವ್ ಹಾಕಿಸಿಕೊಂಡು ಆಮೇಲೆ ಮಾಮೂಲಿ ಚೆಂಡಿಗೆ ಬಂದರೆ, ಅದರ ನಡೆ ನೋಡಿಯೇ ತಿರುಗು ಅಂದಾಜಿಗೆ ಸಿಗತೊಡಗುತ್ತದೆ.

ಅನುಮಾನ ಬಂದಾಗ ಏನು ಮಾಡಬೇಕು? ಯಾಕೆಂದರೆ ಅನುಮಾನ ಬಂದೇ ಬರುತ್ತದೆ, ಸರ್ವ್ ನಿಮ್ಮ ಬಳಿ ಬರಲು ಒಂದು ಸೆಕೆಂಡೂ ಹಿಡಿಯುವುದಿಲ್ಲ. ಸ್ಪಿನ್ ಗೊತ್ತಾಗದಿದ್ದರೆ ಸವರಲು ಹೋಗಬೇಡಿ. ಬ್ಯಾಟಿನ ಮುಖ ಸ್ವಲ್ಪವೇ ತೆರೆದು, ಚೆಂಡಿನ ಹಿಂಭಾಗಕ್ಕೆ ದಪ್ಪವಾಗಿ ತಾಗಿಸಿ, ಮುಂದಕ್ಕೆ ಸ್ವಲ್ಪ ದೂರ ತಳ್ಳಿ, ಗುರಿ ಟೇಬಲ್ಲಿನ ಉದ್ದಕ್ಕೆ, ಅವರ ಬಲ ಮೊಣಕೈ ಕಡೆಗೆ. ಮೊಣಕೈಗೆ ಬಂದ ಚೆಂಡಿಗೆ ಫೋರ್‌ಹ್ಯಾಂಡೋ ಬ್ಯಾಕ್‌ಹ್ಯಾಂಡೋ ಎಂದು ಯಾರಾದರೂ ಒಂದು ಕ್ಷಣ ತಡವರಿಸುತ್ತಾರೆ. ರಿಟರ್ನ್‌ನಲ್ಲೇ ಪಾಯಿಂಟ್ ಗೆಲ್ಲಬೇಕಾಗಿಲ್ಲ. ನಿಮ್ಮ ರಿಟರ್ನ್ ಆದ ಮೇಲೆ ಅವರು ಹೊಡೆಯುವ ಮೂರನೆಯ ಚೆಂಡು, ಥರ್ಡ್ ಬಾಲ್, ಅವರು ಅಂದುಕೊಂಡ ಜಾಗಕ್ಕೆ ಬರದಿದ್ದರೆ ಅಷ್ಟೇ ಸಾಕು. ಆಮೇಲೆ ನಡೆಯುವುದು ನೀವು ಚೆನ್ನಾಗಿ ಆಡುವ ರ್‍ಯಾಲಿ.

ಈಗ ಕೈ. ಚೆಂಡು ಮೇಲೇಳುವುದಕ್ಕೆ ಇನ್ನೊಂದು ಕಾರಣ ಬಿಗಿ ಹಿಡಿತ. ಗಾಬರಿಯಾದಾಗ ಎಲ್ಲರೂ ಬ್ಯಾಟನ್ನು ಹಿಂಡುತ್ತಾರೆ. ಹಿಂಡಿದ ಬ್ಯಾಟಿನಿಂದ ಚೆಂಡು ಚಿಮ್ಮುತ್ತದೆ. ಅಡಿಕೆ ಕೊಯ್ಲಿನಲ್ಲಿ ಮರದ ಕೆಳಗೆ ನಿಂತು ಕೊನೆ (ಅಡಿಕೆ ಗೊನೆ) ಹಿಡಿಯುವವರನ್ನು ನೋಡಿದ್ದೀರಿ. ಮೇಲಿನಿಂದ ಬರುವ ಕೊನೆಗೆ ಅವರು ಕೈ ಸೆಟೆದು ಅಡ್ಡ ಕೊಡುವುದಿಲ್ಲ, ಬಂದ ಭಾರದ ಜೊತೆಗೇ ಕೈಯನ್ನೂ ಇಳಿಸಿಕೊಳ್ಳುತ್ತಾರೆ. ಗಿಡ್ಡ ಪುಶ್‌ನಲ್ಲಿ ನಿಮ್ಮ ಕೈ ಮಾಡಬೇಕಾದದ್ದು ಅದನ್ನೇ. ಹಿಡಿತ ಎಷ್ಟು ಸಡಿಲ ಇರಬೇಕೆಂದರೆ, ಪಕ್ಕದವರು ಎಳೆದರೆ ಬ್ಯಾಟ್ ಅವರ ಕೈಗೆ ಹೋಗಬೇಕು.

ಗಿಡ್ಡ ಸರ್ವ್‌ಗೆ ಎರಡು ಪುಶ್ ಕಲಿತರೆ ಸಾಕು. ಒಂದು, ಗಿಡ್ಡಕ್ಕೆ ಗಿಡ್ಡ: ಚೆಂಡು ಪುಟಿದು ಇನ್ನೂ ಏಳುತ್ತಿರುವಾಗಲೇ, ತೀರ ಬೇಗ ತಾಗಿಸಬೇಕು. ಕೈಯ ಚಲನೆ ಬಹುತೇಕ ಇಲ್ಲ. ಅವರ ಅಂಗಳದಲ್ಲಿ ಚೆಂಡು ಎರಡು ಸಲ ಪುಟಿಯುವಷ್ಟು ಗಿಡ್ಡ ಇರಬೇಕು, ಆಗ ಅವರು ಲೂಪ್ ಮಾಡಲಾರರು, ಎಂದರೆ ಕೆಳಗಿನಿಂದ ಮೇಲಕ್ಕೆ ಬೀಸಿ ಟಾಪ್ ಕೊಟ್ಟು ಹೊಡೆಯಲಾರರು. ಎರಡು, ಗಿಡ್ಡಕ್ಕೆ ಉದ್ದ: ಸ್ವಲ್ಪ ತಡವಾಗಿ, ಮಣಿಕಟ್ಟಿನ ಚುರುಕು ಸೇರಿಸಿ, ಕೊನೆಗೆರೆಯ ಒಂದು ಗೇಣಿನೊಳಗೆ ಬೀಳುವ ಹಾಗೆ. ಇವೆರಡರ ನಡುವೆ, ಟೇಬಲ್ಲಿನ ಮಧ್ಯದಲ್ಲಿ ಬೀಳುವ ಪುಶ್ ಇದೆಯಲ್ಲ, ಅದೇ ಎದುರಾಳಿಗೆ ಊಟ. ನಿಮ್ಮ ಈಗಿನ ರಿಟರ್ನ್ ಬಹುಶಃ ಅದೇ. ಗಿಡ್ಡ ಪುಶ್ ಕಷ್ಟ, ಉದ್ದದ್ದು ಸುಲಭ. ಮೊದಲು ಉದ್ದದ್ದನ್ನು ಗಟ್ಟಿ ಮಾಡಿಕೊಳ್ಳಿ.

ಉದ್ದ ಸರ್ವ್ ಬಂದರೆ ಪುಶ್ ಮಾಡಬೇಡಿ, ಅದು ಕಟ್ ಆಗಿದ್ದರೂ. ಟೇಬಲ್ ದಾಟಿ ಹೊರಗೆ ಬರುವ ಚೆಂಡು ಬೀಸಲು ಜಾಗ ಕೊಟ್ಟಿದೆ ಎಂದೇ ಅರ್ಥ. ಪೂರ್ತಿ ಬಲ ಬೇಡ. ಅರ್ಧ ಬಲದ ಲೂಪ್, ಅವರ ಬ್ಯಾಕ್‌ಹ್ಯಾಂಡಿನ ಆಳಕ್ಕೆ. ಹಾಫ್ ಲಾಂಗ್, ಎಂದರೆ ಎರಡನೆಯ ಪುಟಿತ ಕೊನೆಗೆರೆಯ ಮೇಲೋ ಅದರ ಸ್ವಲ್ಪ ಆಚೆಗೋ ಬೀಳುವಂಥದ್ದು, ಎಲ್ಲಕ್ಕಿಂತ ಕಷ್ಟ. ಅದಕ್ಕೆ ಬೇಕಾದದ್ದು ತಾಳ್ಮೆ. ಒಂದು ಕ್ಷಣ ಕಾದು, ಹೊರಗೆ ಬಂತು ಎಂದು ಖಾತ್ರಿಯಾದ ಮೇಲೆ ಮೊಳಕೈಯಿಂದ ಸಣ್ಣದಾಗಿ ಎತ್ತಿ.

ಫ್ಲಿಕ್ ಬಗ್ಗೆ ಕೇಳಿದ್ದೀರಿ. ಬಾಳೆಹಣ್ಣಿನ ಆಕಾರದಲ್ಲಿ ಬಾಗುವ ಬ್ಯಾಕ್‌ಹ್ಯಾಂಡ್ ಫ್ಲಿಕ್ ಈಗ ಎಲ್ಲರಿಗೂ ಬೇಕು. ಜೆಕ್ ಆಟಗಾರ ಪೀಟರ್ ಕೊರ್ಬೆಲ್ ಶುರು ಮಾಡಿದ್ದನ್ನು ಚೀನಾದ ಝಾಂಗ್ ಜಿಕೆ ದೊಡ್ಡ ಅಸ್ತ್ರ ಮಾಡಿಕೊಂಡ. 2011 ಮತ್ತು 2013ರ ವಿಶ್ವ ಚಾಂಪಿಯನ್‌ಷಿಪ್, 2012ರ ಒಲಿಂಪಿಕ್ ಚಿನ್ನ ಅವನದು. ಚೆನ್ನಾದ ಹೊಡೆತ, ಆದರೆ ನಿಮಗೆ ಈಗ ಬೇಡ. ಕಟ್ ಚೆಂಡನ್ನೂ ಸ್ಪಿನ್ ಇಲ್ಲದ ಚೆಂಡನ್ನೂ ಬೇರೆ ಮಾಡಿ ಓದಲಾಗದವರು ಫ್ಲಿಕ್ ಮಾಡಿದರೆ ಅರ್ಧ ನೆಟ್‌ಗೆ, ಅರ್ಧ ಗೋಡೆಗೆ. ಆರು ತಿಂಗಳು ಬಿಟ್ಟು ಕೇಳಿ.

ಮಳೆಗಾಲದ ಮಾತು ಮುಖ್ಯ. ಕೋಚಿಂಗ್ ವಿಡಿಯೊಗಳಲ್ಲಿ ಇದು ಸಿಗುವುದು ಅಪರೂಪ. ನಮಗೆ ಆಗುಂಬೆ ಘಟ್ಟದ ಕೆಳಗೂ ಮೇಲೂ ಜೂನ್‌ನಿಂದ ಸೆಪ್ಟೆಂಬರ್ ತನಕ ಇದೇ ಬದುಕು. ಆರಿದ್ರಾ, ಪುನರ್ವಸು ಮಳೆ ಹಿಡಿದಾಗ ಗೋಡೆಯೇ ಬೆವರುತ್ತದೆ, ರಬ್ಬರ್ ಬೆವರದೆ ಇದ್ದೀತೇ. ರಬ್ಬರ್ ಮೇಲೂ ಚೆಂಡಿನ ಮೇಲೂ ತೇವದ ತೆಳು ಪದರ ಕೂತರೆ ಘರ್ಷಣೆ ಇಳಿಯುತ್ತದೆ, ಸವರಿದ್ದೆಲ್ಲ ಜಾರುತ್ತದೆ. ಇದರಿಂದ ಎರಡು ಪರಿಣಾಮ. ನಿಮ್ಮ ಲೂಪ್ ಜಾರಿ ನೆಟ್‌ಗೆ ಬೀಳುತ್ತದೆ. ಅವರ ಕಟ್ ಸರ್ವ್ ಕೂಡ ಜಾರಿ, ಅವರಿಗೇ ಗೊತ್ತಿಲ್ಲದೆ ಸ್ಪಿನ್ ಇಲ್ಲದ ಚೆಂಡಾಗಿ ಬರುತ್ತದೆ. ಅವರ ಬ್ಯಾಟ್ ಕೆಳಕ್ಕೆ ಹೋದದ್ದನ್ನು ನೀವು ಸರಿಯಾಗಿಯೇ ಓದಿರುತ್ತೀರಿ, ಆದರೂ ಚೆಂಡು ಎದ್ದುಬಿಡುತ್ತದೆ. ಮಳೆಗಾಲದಲ್ಲಿ ಕೆಟ್ಟಿದೆ ಎಂದಿರಲ್ಲ, ಅದರ ದೊಡ್ಡ ಪಾಲು ಇಲ್ಲಿದೆ. ಇನ್ನೊಂದು ಪಾಲು ಸದ್ದಿನದು: ಶೀಟಿನ ಮಾಡಿನ ಮೇಲೆ ಜಡಿಮಳೆ ಸುರಿಯುವಾಗ ಬ್ಯಾಟ್ ಚೆಂಡಿಗೆ ತಾಗಿದ ಸದ್ದೇ ಕೇಳುವುದಿಲ್ಲ. ಇಷ್ಟು ದಿನ ನಿಮಗೆ ಅರಿವಿಲ್ಲದೆಯೇ ಕಿವಿ ಸಹಾಯ ಮಾಡುತ್ತಿತ್ತು, ಅದು ನಿಂತಿದೆ.

ಹಾಗಾಗಿ ಜಡಿಮಳೆಯ ದಿನ ಆಟವನ್ನೇ ಸ್ವಲ್ಪ ಬದಲಿಸಿ. ಕಟ್ ಎಂದು ಓದಿದ್ದಕ್ಕೆ ಬೇಸಿಗೆಯಲ್ಲಿ ಎಷ್ಟು ಮುಖ ತೆರೆಯುತ್ತಿದ್ದಿರೋ ಅದಕ್ಕಿಂತ ಕಡಿಮೆ ತೆರೆಯಿರಿ. ತೆಳುವಾಗಿ ಸವರುವುದನ್ನು ಬಿಟ್ಟು ದಪ್ಪವಾಗಿ ತಾಗಿಸಿ. ಕಿವಿ ಕೈಕೊಟ್ಟ ದಿನ ಪುಟಿದ ನಂತರದ ನಡೆಯನ್ನು ನೆಚ್ಚಿ, ಚೆಂಡು ತಡೆದು ನಿಲ್ಲುತ್ತದೋ ಮುಂದೆ ಬರುತ್ತದೋ ಎಂದು.

ಬ್ಯಾಟಿನ ಆರೈಕೆಯೂ ಇದೆ. ಚಳಿ ಹಿಡಿದ ಮಳೆಯಲ್ಲಿ ಸ್ಕೂಟರಿನ ಮೇಲೆ ತಂದ ಬ್ಯಾಟ್ ತಣ್ಣಗಿರುತ್ತದೆ. ಜನ ತುಂಬಿದ, ಬೆಚ್ಚಗಿನ ಹಾಲ್‌ಗೆ ತಂದು ಹೊರತೆಗೆದ ಕೂಡಲೇ ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಹದಿನೈದು ನಿಮಿಷ ಮುಂಚೆ ಬಂದು, ಬ್ಯಾಟನ್ನು ಚೀಲದೊಳಗೇ ಬೆಚ್ಚಗಾಗಲು ಬಿಟ್ಟು ಆಮೇಲೆ ತೆಗೆಯಿರಿ. ಎರಡು ಒಣ ಹತ್ತಿ ಬಟ್ಟೆ ಇಟ್ಟುಕೊಳ್ಳಿ, ಒಂದು ಕೈಗೆ, ಒಂದು ಬ್ಯಾಟಿಗೆ ಮತ್ತು ಚೆಂಡಿಗೆ. ಬೆವರು ಒರೆಸಿದ ಬಟ್ಟೆಯಲ್ಲಿ ರಬ್ಬರ್ ಒರೆಸಬಾರದು. ನಿಯಮದ ಪ್ರಕಾರ ಪ್ರತಿ 6 ಪಾಯಿಂಟಿಗೆ ಒಮ್ಮೆ ಒರೆಸಿಕೊಳ್ಳಲು ಬಿಡುವಿದೆ, ಅದನ್ನು ಪೂರ್ತಿ ಬಳಸಿ. ಟೇಬಲ್ಲನ್ನೂ ಒರೆಸಿ, ಒದ್ದೆ ಟೇಬಲ್ ಮೇಲೆ ಚೆಂಡು ಪುಟಿಯದೆ ಜಾರುತ್ತದೆ. ಮನೆಗೆ ಹೋದ ಮೇಲೆ ರಬ್ಬರ್‌ಗೆ ರಕ್ಷಣಾ ಹಾಳೆ ಅಂಟಿಸಿ, ಮುಚ್ಚುವ ಪೆಟ್ಟಿಗೆಯಲ್ಲಿ ಒಂದೆರಡು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಒಲೆಯ ಹತ್ತಿರವೋ ಬಚ್ಚಲ ಉರಿಯ ಪಕ್ಕದಲ್ಲೋ ಒಣಗಿಸಲು ಇಡಬೇಡಿ. ಶಾಖಕ್ಕೆ ರಬ್ಬರ್ ಗಟ್ಟಿಯಾಗುತ್ತದೆ, ಅಂಟು ಬಿಡುತ್ತದೆ.

ಅಭ್ಯಾಸ ಹೀಗೆ ಮಾಡಿ. ನನ್ನ ಮಾತು ಕೇಳುವುದಾದರೆ, ಆ ಹಿರಿಯರನ್ನೇ ಕೇಳಿಕೊಳ್ಳಿ. ನಿಮ್ಮ ಸರ್ವ್ ನನಗೆ ಅರ್ಥವಾಗುತ್ತಿಲ್ಲ, ಗೇಮ್‌ಗೆ ಮುಂಚೆ 20 ಸರ್ವ್ ಹಾಕಿಕೊಡಿ ಎನ್ನಿ. ನಮ್ಮ ಕಡೆ ಹಳಬರು ಇದಕ್ಕೆ ಇಲ್ಲ ಎನ್ನುವುದು ಕಡಿಮೆ. ಮೊದಲ ಹತ್ತನ್ನು ಹೊಡೆಯಬೇಡಿ, ಬ್ಯಾಟ್ ಕೆಳಗಿಟ್ಟು ಉದ್ದವೋ ಗಿಡ್ಡವೋ, ಆಮೇಲೆ ಕಟ್ಟೋ ಖಾಲಿಯೋ (ಸ್ಪಿನ್ ಇಲ್ಲದ್ದೋ) ಎಂದು ಕೂಗಿ ಹೇಳಿ. ಪ್ರತಿ ಸಲ ಅವರು ನಿಜ ಹೇಳಬೇಕು. ಉಳಿದ ಹತ್ತನ್ನು ಒಂದೇ ಗುರಿಗೆ ರಿಟರ್ನ್ ಮಾಡಿ, ಅವರ ಫೋರ್‌ಹ್ಯಾಂಡ್ ಮೂಲೆಯಲ್ಲಿ ಒಂದು ಹಳೆಯ ಟವೆಲ್ ಹಾಸಿ ಅದರ ಮೇಲೆ. ಮೊಬೈಲಿನಲ್ಲಿ ಅವರ ಬ್ಯಾಟ್ ಮಾತ್ರ ಕಾಣುವ ಹಾಗೆ ನಿಧಾನಗತಿಯಲ್ಲಿ ಚಿತ್ರಿಸಿಕೊಂಡು ರಾತ್ರಿ ನೋಡಿ. ಬರಿಗಣ್ಣಿಗೆ ಮೋಸ ಮಾಡಿದ ಕೈ ಅಲ್ಲಿ ಬಿಚ್ಚಿಕೊಳ್ಳುತ್ತದೆ.

ಇದಕ್ಕಿಂತಲೂ ಬೇಗ ಫಲ ಕೊಡುವುದು, ಆ ಸರ್ವನ್ನು ನೀವೇ ಕಲಿಯುವುದು. ಒಬ್ಬರೇ ಇರುವ ದಿನ ಒಂದು ಬುಟ್ಟಿ ಚೆಂಡು ಇಟ್ಟುಕೊಂಡು ಪೆಂಡುಲಮ್ ಹಾಕಿ: ಒಂದು ಕಟ್, ಒಂದು ಖಾಲಿ, ಕೈಬೀಸು ಮಾತ್ರ ಒಂದೇ. ಚೆನ್ನಾಗಿ ಬರಬೇಕೆಂದಿಲ್ಲ. ಖಾಲಿ ಚೆಂಡು ಹಾಕುವಾಗ ನಿಮ್ಮ ಮಣಿಕಟ್ಟಿಗೆ ಏನು ಅನ್ನಿಸಿತು ಎಂದು ಒಮ್ಮೆ ತಿಳಿದರೆ ಎದುರಿನವರ ಮಣಿಕಟ್ಟಿನಲ್ಲೂ ಅದು ಕಾಣಿಸತೊಡಗುತ್ತದೆ. ದೊಡ್ಡ ಪಂದ್ಯ ನೋಡುವಾಗಲೂ ಸರ್ವ್ ಮಾಡುವವರ ಬದಲು ರಿಟರ್ನ್ ಮಾಡುವವರ ಕಾಲನ್ನು ನೋಡಿ. ನಮ್ಮ ಕರ್ನಾಟಕದ ಅರ್ಚನಾ ಕಾಮತ್ ಇದ್ದ ಭಾರತದ ಮಹಿಳಾ ತಂಡ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕ್ವಾರ್ಟರ್‌ಫೈನಲ್ ತನಕ ಹೋಯಿತು. ಆ ಪಂದ್ಯಗಳನ್ನು ಹುಡುಕಿ, ಸದ್ದು ನಿಲ್ಲಿಸಿ, ಕಾಲಷ್ಟನ್ನೇ ನೋಡುತ್ತಾ ಹೋಗಿ.

ಒಂದು ವಿಚಾರ ಪರೀಕ್ಷಿಸಿ: ಅವರ ಸರ್ವ್ ನಿಯಮದಂತಿದೆಯೇ. ಚೆಂಡು ತೆರೆದ ಅಂಗೈ ಮೇಲಿದ್ದು, ಕನಿಷ್ಠ 16 ಸೆಂಟಿಮೀಟರ್ ನೇರ ಮೇಲಕ್ಕೆ ಎಸೆದು, ಇಳಿಯುವಾಗ ಹೊಡೆಯಬೇಕು. 2002ರಿಂದ ತೋಳಿನಿಂದಲೋ ಮೈಯಿಂದಲೋ ಚೆಂಡನ್ನು ಮರೆಮಾಡುವಂತಿಲ್ಲ. ಹಳಬರಲ್ಲಿ ಕೆಲವರು ಹಳೆಯ ಅಭ್ಯಾಸದಿಂದ ಎಡತೋಳನ್ನು ಅಡ್ಡ ಬಿಟ್ಟುಕೊಂಡಿರುತ್ತಾರೆ, ಬೇಕೆಂದು ಮಾಡುವುದಲ್ಲ. ಹಾಗಿದ್ದರೆ ಗೇಮ್ ಮಧ್ಯೆ ಜಗಳ ಬೇಡ, ಆಟ ಮುಗಿದ ಮೇಲೆ ಗೌರವದಿಂದ ಹೇಳಿ. ತಾಗುವ ಕ್ಷಣವೇ ಕಾಣದಿದ್ದರೆ ನಾನು ಮೇಲೆ ಬರೆದದ್ದು ಯಾವುದೂ ಉಪಯೋಗಕ್ಕೆ ಬಾರದು.

ಕೊನೆಯದು ನಿಮ್ಮ ರಬ್ಬರ್ ಪ್ರಶ್ನೆ. ಒಣಹವೆಯ ದಿನ ಬ್ಯಾಟನ್ನು ಚೆನ್ನಾಗಿ ಒರೆಸಿ, ಚೆಂಡನ್ನು ರಬ್ಬರ್ ಮೇಲೆ ಒತ್ತಿ ಎಳೆಯಿರಿ. ಹಿಡಿದುಕೊಂಡರೆ ರಬ್ಬರ್ ಚೆನ್ನಾಗಿದೆ, ಬದಲಿಸಬೇಡಿ. ಗಾಜಿನ ಮೇಲಿನಂತೆ ಜಾರಿದರೆ ಅದರ ಆಯಸ್ಸು ಮುಗಿದಿದೆ. ಆಗ ಅತಿ ವೇಗದ್ದನ್ನು ಕೊಳ್ಳದೆ, ಬ್ಯಾಕ್‌ಹ್ಯಾಂಡಿಗೆ 1.8 ಮಿಲಿಮೀಟರ್ ಸ್ಪಂಜಿನ, ಮಧ್ಯಮ ವೇಗದ ರಬ್ಬರ್ ಹಾಕಿಸಿ. ದಪ್ಪ ಸ್ಪಂಜಿನಷ್ಟು ಅದು ಚಿಮ್ಮುವುದಿಲ್ಲ, ಗಿಡ್ಡ ಪುಶ್ ಕೈಗೆ ಬೇಗ ಹತ್ತುತ್ತದೆ. ಸಾಧ್ಯವಾದರೆ ಹೊಸ ರಬ್ಬರನ್ನು ಈಗ ಅಂಟಿಸದೆ ಅಕ್ಟೋಬರ್ ತನಕ ಕಾಯಿರಿ, ಮಳೆ ಹೊರಟ ಮೇಲೆ.